ಚಿತ್ರಕಥಾ ನಾಯಕರ ನಾಮಮೂಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ನೆರೆಮನೆಗಳಲ್ಲಿ ಮಾತ್ರವಲ್ಲ, ಎಷ್ಟೋ ವೇಳೆ ಒಂದೇ ಮನೆಯಲ್ಲಿ ಬಾಳುತ್ತವೆ. ಆದುದರಿಂದ ಬೇರೆಡೆಯವರ ಗಮನಕ್ಕೆ ಬಾರದ ಒಂದು ವಿಚಿತ್ರವು ಇಲ್ಲಿಯ ಓದುಗರಿಗೆ ಸುಲಭವಾಗಿ ಕಾಣುತ್ತದೆ. ಮುಖವಾಡ ತೊಟ್ಟು, ಬಿಳಿಯ ಕುದುರೆಯನ್ನೇರಿ, ತಲೆಬುರುಡೆಯ ಆಕಾರದ ಗುಹೆಯಲ್ಲಿ ವಾಸಿಸುವ ಚಿತ್ರಕಥೆಯ ವೀರನೊಬ್ಬನಿದ್ದಾನೆ. ಕನ್ನಡದ 'ಸುಧಾ' ವಾರಪತ್ರಿಕೆಯಲ್ಲಿ ಅವನನ್ನು ಕಂಡವರಿಗೆ ಅವನು ಫ್ಯಾಂಟಮ್. 1964ರಿಂದ 1990ರವರೆಗೆ ಹಲವು ಭಾಷೆಗಳಲ್ಲಿ ಪ್ರಕಟವಾದ ಇಂದ್ರಜಾಲ ಕಾಮಿಕ್ಸ್ ಮಾಲೆಯನ್ನು ಮರಾಠಿಯಲ್ಲಿ ಓದಿದವರಿಗೆ ಅವನೇ ವೇತಾಳ. ವ್ಯಕ್ತಿ ಒಬ್ಬನೇ, ಹೆಸರು ಎರಡು. ಇವುಗಳಲ್ಲಿ ಯಾವುದು ಸರಿ? ಈ ಪ್ರಶ್ನೆಯನ್ನು ಬಿಡಿಸುತ್ತ ಹೋದರೆ ನಾವು ಚಿತ್ರಕಥೆಯನ್ನು ದಾಟಿ ವಿಜ್ಞಾನದ ಪಾಠಕ್ಕೇ ಬಂದು ನಿಲ್ಲುತ್ತೇವೆ.

ಮೊದಲು ಫ್ಯಾಂಟಮ್ ಎಂಬ ಶಬ್ದವನ್ನು ನೋಡೋಣ. ಅಮೆರಿಕದ ಲೀ ಫಾಕ್ ಎಂಬ ಲೇಖಕರು ಈ ವೀರನನ್ನು 1936ರ ಫೆಬ್ರವರಿಯಲ್ಲಿ ದಿನಪತ್ರಿಕೆಗಳ ಮೂಲಕ ಓದುಗರ ಮುಂದೆ ತಂದರು. ಇಂಗ್ಲಿಷಿನಲ್ಲಿ ಈ ಪದಕ್ಕೆ ಭೂತ, ಮಾಯಾರೂಪ ಎಂಬ ಅರ್ಥಗಳುಂಟು. ಇದರ ಬೇರು 'ತೋರು, ಕಾಣಿಸು' ಎಂಬ ಅರ್ಥದ ಒಂದು ಗ್ರೀಕ್ ಧಾತು. ವಿದ್ಯಮಾನ ಎಂದು ನಾವು ಹೇಳುವ 'ಫಿನಾಮಿನನ್' ಹುಟ್ಟಿದುದೂ ಅದೇ ಧಾತುವಿನಿಂದ. ಚಂದ್ರನ ಕಲೆಗಳಿಗೂ ತರಂಗದ ಹಂತಕ್ಕೂ ಬಳಸುವ 'ಫೇಸ್' ಎಂಬುದೂ ಅದರ ಸಂತಾನವೇ. ಅಂದರೆ ಭೌತವಿಜ್ಞಾನದ ಪುಸ್ತಕವನ್ನು ತೆರೆದ ವಿದ್ಯಾರ್ಥಿಯು ತಿಳಿಯದೆಯೇ ಫ್ಯಾಂಟಮನ ಬಂಧುಗಳ ನಡುವೆ ಓಡಾಡುತ್ತಾನೆ. ಕಥೆಗೂ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಕಾಡಿನ ಜನರು ಅವನನ್ನು ಸಾವಿಲ್ಲದವನೆಂದು ನಂಬುತ್ತಾರೆ. ವಾಸ್ತವದಲ್ಲಿ ತಂದೆಯ ಮುಖವಾಡವನ್ನು ಮಗನು ಧರಿಸುತ್ತ ಬಂದು, ಈಗಿನವನು 21ನೆಯ ತಲೆಮಾರಿನವನು. ಸೆಕೆಂಡಿಗೆ 24ರಂತೆ ಹಾಯುವ ಸ್ಥಿರಚಿತ್ರಗಳು ಸಿನಿಮಾದಲ್ಲಿ ಒಂದೇ ಚಲನೆಯಾಗಿ ತೋರುವಂತೆ, ಇಪ್ಪತ್ತೊಂದು ಜನ ಒಬ್ಬನಾಗಿ ತೋರುತ್ತಾರೆ.

ಮರಾಠಿಯ ಅನುವಾದಕರು ಈ ಹೆಸರಿನ ಗಂಟನ್ನು ಬಿಚ್ಚಿ, ಒಳಗಿನ ಅರ್ಥಕ್ಕೆ ತಮ್ಮ ನೆಲದ ಬಟ್ಟೆಯನ್ನು ತೊಡಿಸಿದರು. ವೇತಾಳ ಸಂಸ್ಕೃತದ ಶಬ್ದ. ಕನ್ನಡದ ಬಾಯಲ್ಲಿ ವನವು ಬನವಾಗಿ, ವರ್ಣವು ಬಣ್ಣವಾಗಿ, ವೀಥಿಯು ಬೀದಿಯಾದಂತೆ ವೇತಾಳನು ಬೇತಾಳನಾದನು. ವಿಕ್ರಮರಾಜನ ಹೆಗಲೇರಿ ಕಥೆ ಹೇಳುವ ಬೇತಾಳ ನಮಗೆಲ್ಲ ಪರಿಚಿತನೇ. ಮಹಾರಾಷ್ಟ್ರ, ಕೊಂಕಣಗಳಲ್ಲಿ ವೇತಾಳನು ಊರು ಕಾಯುವ ದೈವವೂ ಹೌದು. ಕಾಡನ್ನು ಕಾಯುವ ವೀರನಿಗೆ ಈ ಹೆಸರು ಒಗ್ಗಿತು. ಆದರೆ ಹೊಸ ಬಟ್ಟೆಯೊಡನೆ ಮೂಲದಲ್ಲಿಲ್ಲದ ಸಂಗತಿಗಳೂ ಬಂದವು: ಶ್ಮಶಾನ, ಮರಕ್ಕೆ ತೂಗುವ ಹೆಣ, ಒಗಟಿನಂತಹ ಕಥೆಗಳು. ಬಂಗಾಳಿಗಳು ಮತ್ತೊಂದು ದಾರಿ ಹಿಡಿದು ಅವನನ್ನು 'ಅರಣ್ಯದೇವ'ನೆಂದು ಕರೆದರು. ಅಲ್ಲಿ ಭೂತವು ಮಾಯವಾಗಿ ಕಾಡು ಮಾತ್ರ ಉಳಿಯಿತು. ಕನ್ನಡದಲ್ಲಾದರೋ ಗಂಟನ್ನು ಬಿಚ್ಚದೆ ಹಾಗೆಯೇ ತಂದೆವು. ಅರ್ಥವು ಒಳಗೇ ಉಳಿಯಿತು.

ಲೀ ಫಾಕ್ ಅವರೇ 1934ರಲ್ಲಿ ಸೃಷ್ಟಿಸಿದ ಮಾಂತ್ರಿಕ ಮಾಂಡ್ರೇಕನ ಹೆಸರನ್ನು ಬಿಚ್ಚಿದರೆ ಒಂದು ಗಿಡ ಸಿಕ್ಕುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಲ್ಲಿ ಬೆಳೆಯುವ ಆ ಗಿಡದ ಬೇರು ಕವಲೊಡೆದು ಮನುಷ್ಯನ ಕಾಲುಗಳಂತೆ ಕಾಣುತ್ತದೆ. ಅದನ್ನು ಕಿತ್ತರೆ ಚೀರುತ್ತದೆ ಎಂಬ ಮೂಢನಂಬಿಕೆಯು ಯೂರೋಪಿನಲ್ಲಿ ಬಹುಕಾಲ ಇದ್ದಿತು. ಬೇರಿನಲ್ಲಿ ಹಯೊಸಯಮೀನ್, ಸ್ಕೊಪೊಲಮೀನ್ ಮುಂತಾದ ವಿಷದ್ರವ್ಯಗಳಿದ್ದು, ಅವು ಬುದ್ಧಿಯನ್ನು ಮಂಕುಗೊಳಿಸಿ ಭ್ರಮೆಗಳನ್ನು ತರುತ್ತವೆ. ಪ್ರಾಚೀನ ವೈದ್ಯರು ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ಇದನ್ನು ಕೊಡುತ್ತಿದ್ದುದುಂಟು. ಕೈಯ ಸನ್ನೆಯಿಂದಲೇ ಎದುರಾಳಿಗೆ ಇಲ್ಲದುದನ್ನು ತೋರಿಸುವ ಮಾಂತ್ರಿಕನಿಗೆ ಇದಕ್ಕಿಂತ ಒಪ್ಪುವ ಹೆಸರು ದುರ್ಲಭ.

ಈ ಗಿಡ ನಮ್ಮ ಸೀಮೆಗೆ ಅಪರಿಚಿತವಾದರೂ ಅದರ ಕುಟುಂಬ ಅಪರಿಚಿತವಲ್ಲ. ಸೊಲನೇಸಿ ಎಂದು ಸಸ್ಯವಿಜ್ಞಾನಿಗಳು ಕರೆಯುವ ಆ ಕುಟುಂಬಕ್ಕೆ ನಿಪ್ಪಾಣಿಯ ಪೇಟೆಗೆ ಹೆಸರು ತಂದ ತಂಬಾಕು ಸೇರಿದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳೂ ಸೇರಿವೆ. ಹಾಳುಜಾಗದಲ್ಲಿ ಬೆಳೆಯುವ ದತ್ತೂರಿಯೂ ಇದೇ ಕುಟುಂಬದ್ದು. ಮಾಂಡ್ರೇಕ್ ಬೇರಿನ ವಿಷದ್ರವ್ಯಗಳೇ ಅದರಲ್ಲಿಯೂ ಇವೆ. ದತ್ತೂರಿಗೆ ಕನ್ನಡದಲ್ಲಿ ಉಮ್ಮತ್ತ ಎಂಬ ಹೆಸರೂ ಇದೆ. ಅದು ಸಂಸ್ಕೃತದ 'ಉನ್ಮತ್ತ'ದ ತದ್ಭವ. ತಿಂದವನ ಗತಿ ಏನಾಗುವುದೆಂದು ಹೆಸರೇ ಎಚ್ಚರಿಸುತ್ತದೆ.

ಮುಂದೆ ಸೂಪರ್‌ಮ್ಯಾನ್. ಜೆರಿ ಸೀಗಲ್, ಜೋ ಶೂಸ್ಟರ್ ಎಂಬ ಇಬ್ಬರು ತರುಣರ ಈ ನಾಯಕ 1938ರಲ್ಲಿ ಪ್ರಕಟವಾದ. ಅವನ ಹುಟ್ಟೂರಾದ ಗ್ರಹಕ್ಕೆ 1939ರಲ್ಲಿ ಕ್ರಿಪ್ಟಾನ್ ಎಂಬ ಹೆಸರು ಬಂದಿತು. ಆ ಹೆಸರಿನ ಮೂಲವಸ್ತುವನ್ನು ರ‍್ಯಾಮ್ಸೆ ಮತ್ತು ಟ್ರಾವರ್ಸ್ 1898ರಲ್ಲಿಯೇ ಕಂಡುಹಿಡಿದಿದ್ದರು. ದ್ರವರೂಪದ ಗಾಳಿಯನ್ನು ಆವಿಯಾಗಲು ಬಿಟ್ಟು, ಕೊನೆಗೆ ಉಳಿದ ಅಲ್ಪಾಂಶದ ರೋಹಿತವನ್ನು ಪರೀಕ್ಷಿಸಿದಾಗ, ಹಿಂದೆ ಯಾರೂ ಕಾಣದ ಹಳದಿ ಮತ್ತು ಹಸುರು ರೇಖೆಗಳು ಬೆಳಗಿದವು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಒಂದು ಭಾಗವಾಗಿ ಅಡಗಿದ್ದ ಅನಿಲಕ್ಕೆ, ಗ್ರೀಕಿನಲ್ಲಿ 'ಅಡಗಿದ್ದುದು' ಎಂಬ ಅರ್ಥದ ಹೆಸರನ್ನೇ ಇಟ್ಟರು. 1960ರಿಂದ 1983ರವರೆಗೆ ಮೀಟರಿನ ಉದ್ದವನ್ನು ನಿರ್ಧರಿಸಿದ್ದು ಕೂಡ ಕ್ರಿಪ್ಟಾನ್-86ರ ಕಿತ್ತಳೆಗೆಂಪು ರೇಖೆಯೇ; ಅದರ 16,50,763.73 ತರಂಗದೂರಗಳು ಒಂದು ಮೀಟರ್. ಕಥೆಗಾರರು ಎರವಲು ಪಡೆದುದು ಹೆಸರನ್ನು ಮಾತ್ರ. ಆ ಜಡ ಅನಿಲಕ್ಕೂ ಸೂಪರ್‌ಮ್ಯಾನನ ಬಲಕ್ಕೂ ಯಾವ ಸಂಬಂಧವೂ ಇಲ್ಲ.

ಇಲ್ಲಿ ಬಳಸಿದ 'ರೋಹಿತ' ಎಂಬ ಪದಕ್ಕೆ ಇಂಗ್ಲಿಷಿನಲ್ಲಿ 'ಸ್ಪೆಕ್ಟ್ರಮ್' ಎನ್ನುತ್ತಾರೆ. ಲ್ಯಾಟಿನಿನಲ್ಲಿ ಅದರ ಅರ್ಥವೂ ತೋರಿಕೆ, ಮಾಯಾರೂಪ! ಅಶ್ರಗದಿಂದ ಹೊರಟು ಗೋಡೆಯ ಮೇಲೆ ಮೂಡಿದ ಬಣ್ಣಗಳಿಗೆ ನ್ಯೂಟನ್ ಈ ಹೆಸರನ್ನು ಬಳಸಿದ. ಫ್ಯಾಂಟಮನಿಗೂ ರೋಹಿತಕ್ಕೂ ಶಬ್ದದ ನಂಟಿಲ್ಲದಿದ್ದರೂ ಅರ್ಥದ ನಂಟುಂಟು.

ವಿಜ್ಞಾನದಿಂದ ಚಿತ್ರಕಥೆಗೆ ಹೆಸರು ಹೋದಂತೆ, ಚಿತ್ರಕಥೆಯಿಂದ ವಿಜ್ಞಾನಕ್ಕೂ ಬಂದಿದೆ. ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' ಮಾಲೆಯ ನಾಯಿ ಸ್ನೂಪಿ. ಕದ್ದು ಇಣುಕುವುದು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದವು ಅದರ ಹೆಸರಿನಲ್ಲಿದೆ. 1969ರ ಮೇ ತಿಂಗಳಿನಲ್ಲಿ ಅಪೊಲೊ 10ರ ಚಂದ್ರವಾಹನಕ್ಕೆ ಇದೇ ಹೆಸರನ್ನಿಟ್ಟರು. ಚಂದ್ರನ ಮೇಲೆ ಇಳಿಯದೆ, ನೆಲದಿಂದ ಸುಮಾರು 15 ಕಿಲೋಮೀಟರುಗಳಷ್ಟು ಸಮೀಪಕ್ಕೆ ಹೋಗಿ, ಮುಂದಿನ ಯಾತ್ರಿಕರು ಇಳಿಯಬೇಕಾದ ಸ್ಥಳವನ್ನು ಇಣುಕಿ ನೋಡಿ ಬರುವುದೇ ಅದರ ಕೆಲಸವಾಗಿತ್ತು.

ಹಾಗೆಂದು ಎಲ್ಲ ಹೆಸರುಗಳಲ್ಲಿಯೂ ಅರ್ಥವನ್ನು ಅಗೆಯುವುದು ಸಲ್ಲದು. 'ಬಾಲಮಂಗಳ'ದ ಡಿಂಗನನ್ನು ನೆನೆಯಿರಿ. ಅದ್ಭುತ ಶಕ್ತಿಯ ಈ ಇಲಿ 1983ರಲ್ಲಿ ಮಲಯಾಳದಲ್ಲಿ 'ಡಿಂಕನ್' ಆಗಿ ಹುಟ್ಟಿತು. ಮಲಯಾಳದ ರಾಮನ್, ಕೃಷ್ಣನ್‌ಗಳು ಕನ್ನಡದಲ್ಲಿ ರಾಮ, ಕೃಷ್ಣ ಆಗುವಂತೆ ಇದೂ ಕೊನೆಯ ವ್ಯಂಜನವನ್ನು ಬಿಟ್ಟು ಕನ್ನಡದ್ದಾಯಿತು. ಹಳೆಯ ಕನ್ನಡದಲ್ಲಿ ಸೇವಕ, ಭಕ್ತ ಎಂಬ ಅರ್ಥದ 'ಡಿಂಗರಿಗ' ಎಂಬ ಶಬ್ದವೊಂದಿದೆ. ಧ್ವನಿಯ ಹೋಲಿಕೆಯನ್ನು ಮಾತ್ರ ನಂಬಿ ಎರಡನ್ನೂ ಜೋಡಿಸಿದರೆ ಅದು ಶಾಸ್ತ್ರವಾಗದು, ಊಹೆಯಾದೀತು. ಎರಡು ವಕ್ರರೇಖೆಗಳು ಒಂದೆಡೆ ಮುಟ್ಟಿದ ಮಾತ್ರಕ್ಕೆ ಅವು ಒಂದೇ ರೇಖೆಯಾಗುವುದಿಲ್ಲವಷ್ಟೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಹೆಸರನ್ನು ಬಿಚ್ಚಿ ಅನುವಾದಿಸುವುದು ಲೇಸೋ, ಮುಚ್ಚಿದಂತೆಯೇ ತರುವುದು ಲೇಸೋ? 'ಆಕ್ಸಿಜನ್' ಎಂಬ ಹೆಸರನ್ನು ಲವಾಸಿಯೇ ರಚಿಸಿದ್ದು ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದಲ್ಲಿ. ಕನ್ನಡಿಗರು ಅದನ್ನು ನಿಷ್ಠೆಯಿಂದ ಅನುವಾದಿಸಿ ಆಮ್ಲಜನಕವೆಂದೆವು. ಆದರೆ ಎಲ್ಲ ಆಮ್ಲಗಳಲ್ಲಿಯೂ ಅದು ಇದೆಯೆಂಬ ಲವಾಸಿಯೇಯ ನಂಬಿಕೆ ತಪ್ಪಾಗಿತ್ತು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಹೈಡ್ರೊಜನ್ ಮತ್ತು ಕ್ಲೋರಿನ್ ಮಾತ್ರ ಇವೆ. ಹೆಸರಿನೊಡನೆ ತಪ್ಪೂ ಅನುವಾದವಾಯಿತು. ಮರಾಠಿಯವರು ಬಳಸುವ 'ಪ್ರಾಣವಾಯು' ಆ ತಪ್ಪಿನಿಂದ ಪಾರಾಯಿತು. ಆದರೆ ಧನುರ್ವಾಯುವಿನ ರೋಗಾಣುವಿನಂತಹ ಕೆಲವು ಜೀವಿಗಳಿಗೆ ಇದೇ ಅನಿಲ ವಿಷವೆಂಬುದನ್ನು ಆ ಹೆಸರು ಮರೆಮಾಡುತ್ತದೆ. ಎರಡು ಭಾಷೆಗಳಲ್ಲಿ ಯಾವುದೂ ಇಲ್ಲಿ ಗೆದ್ದಿಲ್ಲ, ಯಾವುದೂ ಸೋತಿಲ್ಲ. ಹೆಸರು ವಸ್ತುವಿನ ಲಕ್ಷಣವಾಕ್ಯವಲ್ಲ. ಅದನ್ನಿಟ್ಟವರು ಅಂದು ಏನೆಂದು ತಿಳಿದಿದ್ದರು ಎಂಬುದರ ದಾಖಲೆ.

ಕನ್ನಡ ಮಾಧ್ಯಮದಲ್ಲಿ ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿಗೆ ಬಂದ ಅನೇಕ ವಿದ್ಯಾರ್ಥಿಗಳು ಇಂಗ್ಲಿಷ್ ಪಾರಿಭಾಷಿಕ ಶಬ್ದಗಳ ರಾಶಿಯನ್ನು ಕಂಡು ವಿಜ್ಞಾನವೇ ತಮ್ಮದಲ್ಲವೆಂದು ಕೈಬಿಡುವುದನ್ನು ನಾವು ನೋಡುತ್ತಿದ್ದೇವೆ. ಅವರಿಗೆ ನಮ್ಮ ಸಲಹೆ ಇಷ್ಟೆ: ಹೊಸ ಶಬ್ದ ಎದುರಾದಾಗ ಅದನ್ನು ಬಾಯಿಪಾಠ ಮಾಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ. ಇದರ ಬೇರು ಯಾವುದು? ಇದನ್ನು ಯಾರು, ಏನನ್ನು ಕಂಡು ಇಟ್ಟರು? ಇಂದು ನಮಗೆ ತಿಳಿದಿರುವುದಕ್ಕೆ ಇದು ಎಷ್ಟು ಹೊಂದುತ್ತದೆ? ನಿಘಂಟೊಂದು ಕೈಗೆ ಸಿಕ್ಕರೆ ಮೊದಲ ಪ್ರಶ್ನೆಗೆ ಎರಡೇ ನಿಮಿಷ ಸಾಕು. ಫ್ಯಾಂಟಮನನ್ನೂ ವೇತಾಳನನ್ನೂ ಒಬ್ಬನೇ ಎಂದು ಗುರುತಿಸಿದ ಓದುಗರಿಗೆ ಆಕ್ಸಿಜನ್, ಆಮ್ಲಜನಕ, ಪ್ರಾಣವಾಯುಗಳನ್ನು ಒಂದೇ ಎಂದು ಗುರುತಿಸುವುದು ಕಷ್ಟವಾಗಲಾರದು.