ಪಿಟೀಲು ಏಡಿಯ ಹುಸಿಗೈ

ಸಮುದ್ರದ ನೀರು ಇಳಿದು ಅಳಿವೆಯ ಕೆಸರು ಬಿಸಿಲಿಗೆ ಮೈಯೊಡ್ಡಿದೊಡನೆ ಅಲ್ಲಿನ ನೂರಾರು ಬಿಲಗಳ ಬಾಯಿ ತೆರೆಯುತ್ತದೆ. ಒಂದೊಂದರಿಂದಲೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಏಡಿಯೊಂದು ಹೊರಬಂದು, ಕಡ್ಡಿಯ ತುದಿಗೆ ಸಿಕ್ಕಿಸಿದಂತಿರುವ ಕಣ್ಣುಗಳನ್ನು ನಿಮಿರಿಸಿ ನಾಲ್ದೆಸೆಗೂ ನೋಡುತ್ತದೆ. ಗಂಡಾದರೆ ಅದರ ಎರಡು ಮುಂಗೈಗಳಲ್ಲಿ ಒಂದು ಪುಟ್ಟ ಚಿಮಟ; ಇನ್ನೊಂದು ಮೈಗಿಂತಲೂ ಉದ್ದವಾದ ಭಾರಿ ಇಕ್ಕಳ! ಶಾಸ್ತ್ರಜ್ಞರು ಇದನ್ನು ಆಸ್ಟ್ರುಕ ಆನ್ಯುಲಿಪಿಸ್ ಎಂದು ಕರೆಯುತ್ತಾರೆ. ಪೂರ್ವ ಆಫ್ರಿಕದಿಂದ ಮೊದಲ್ಗೊಂಡು ಭಾರತದ ಕರಾವಳಿಯವರೆಗೂ ಇದರ ವಾಸವುಂಟು. ಕಾಳಿ, ಅಘನಾಶಿನಿ ನದಿಗಳ ಅಳಿವೆಗಳಲ್ಲಿಯೂ ಇದರ ಬಳಗದ ಏಡಿಗಳನ್ನು ಕಾಣಬಹುದು.

ಉಣ್ಣುವುದಕ್ಕೆ ಆ ದೊಡ್ಡ ಕೈ ಕಿಂಚಿತ್ತೂ ಒದಗದು. ಹೆಣ್ಣು ತನ್ನ ಎರಡು ಪುಟ್ಟ ಕೈಗಳಿಂದಲೂ ಮರಳನ್ನು ಬಾಚಿ ಬಾಯಿಗಿಟ್ಟು, ಅದರಲ್ಲಿನ ಪಾಚಿಯ ಕಣಗಳನ್ನು ಸೋಸಿಕೊಂಡು, ಉಳಿದ ಮರಳನ್ನು ಗುಂಡುಗುಂಡಾಗಿ ಹೊರಹಾಕುತ್ತದೆ. ಗಂಡು, ಪಾಪ, ಒಂಟಿ ಕೈಯಿಂದಲೇ ಹೊಟ್ಟೆ ಹೊರೆಯಬೇಕು. ಆಗ ಚಿಕ್ಕ ಕೈ ದೊಡ್ಡ ಕೈಯ ಮುಂದೆ ಹೋಗಿ ಬಂದು ಮಾಡುವುದು ಪಿಟೀಲಿನ ಮೇಲೆ ಕಮಾನು ಎಳೆದಂತೆ ತೋರುವುದರಿಂದಲೇ ಅದಕ್ಕೆ ಪಿಟೀಲು ಏಡಿಯೆಂಬ ಹೆಸರು.

ಹಾಗಾದರೆ ಆ ಹೊರೆ ಏತಕ್ಕೆ? ನೆರೆಯ ಗಂಡನ್ನು ಬೆದರಿಸುವುದಕ್ಕೆ, ಹೆಣ್ಣನ್ನು ಕರೆಯುವುದಕ್ಕೆ. ಹೆಣ್ಣೊಂದು ಸುಳಿದರೆ ಸುತ್ತಲಿನ ಗಂಡುಗಳೆಲ್ಲ ಒಂದೇ ತಾಳಕ್ಕೆ ಕೈಯೆತ್ತಿ ಬೀಸತೊಡಗುತ್ತವೆ. ನೋಡುವವರಿಗೆ ಅದು ಒಗ್ಗಟ್ಟಿನ ಮೇಳವೆನಿಸಬಹುದು. ವಾಸ್ತವವಾಗಿ ಪ್ರತಿಯೊಂದಕ್ಕೂ ತಾನೇ ಮೊದಲು ಬೀಸಬೇಕೆಂಬ ಹವಣಿಕೆ. ಆ ಪೈಪೋಟಿಯಿಂದಲೇ ತಾಳ ಕೂಡಿಬರುತ್ತದೆ.

ಕಾದಾಟದಲ್ಲೋ ಹಕ್ಕಿಯ ಕೊಕ್ಕಿಗೆ ಸಿಲುಕಿಯೋ ಪ್ರಾಣಕ್ಕೇ ಸಂಚಕಾರ ಬಂದಾಗ ಏಡಿಯು ಆ ಕೈಯನ್ನು ಬುಡದಿಂದಲೇ ಕಳಚಿ ಬಿಟ್ಟು ಓಡುತ್ತದೆ. ಮುಂದೆ ಪೊರೆ ಬಿಡುವಾಗ ಅದೇ ಜಾಗದಲ್ಲಿ ಹೊಸ ಕೈ ಮೂಡುತ್ತದೆ. ಸ್ವಾರಸ್ಯವಿರುವುದು ಇಲ್ಲಿಯೇ. ಉದ್ದದಲ್ಲಿ ಹೊಸದು ಹಳೆಯದಕ್ಕೆ ಸರಿಸಮ. ಆದರೆ ತೆಳು, ಹಗುರ, ಒಳಗೆ ಮಾಂಸ ಕಡಿಮೆ, ಬೆರಳುಗಳಲ್ಲಿ ಗಟ್ಟಿ ಹಲ್ಲುಗಳಿಲ್ಲ. ಪೆಟ್ರೀಷಿಯ ಬ್ಯಾಕ್‌ವೆಲ್ ಮತ್ತು ಅವರ ಸಂಗಡಿಗರು ಮೊಜಾಂಬಿಕ್ ದೇಶದ ತೀರದಲ್ಲಿ ಈ ಏಡಿಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಸಂಗತಿ ಕುತೂಹಲಕರವಾಗಿದೆ: ಹುಸಿಗೈಯನ್ನು ಎದುರಾಳಿಯೂ ಗುರುತಿಸದು, ಹೆಣ್ಣೂ ಗುರುತಿಸದು! ಮೇಲಾಗಿ ಹಗುರವಾದ ಕೈಯನ್ನು ಬೀಸುವುದಕ್ಕೆ ಶ್ರಮವೂ ಕಡಿಮೆ.

ಆದರೆ ಎದುರಾಳಿ ಬೆದರದೆ ಮೇಲೇರಿ ಬಂದರೆ? ಉತ್ತರ ಆಸ್ಟ್ರೇಲಿಯದಲ್ಲಿ ಇದರ ದಾಯಾದಿ ಜಾತಿಯೊಂದರ ಬಲವನ್ನು ಅಳೆದು ನೋಡಿದಾಗ, ಮರುಹುಟ್ಟಿನ ಕೈಗೆ ಹಿಡಿತವೂ ಕಡಿಮೆ, ಬಿಲದಿಂದ ಹೊರಗೆಳೆಯುವವರನ್ನು ತಡೆಯುವ ಶಕ್ತಿಯೂ ಕಡಿಮೆ ಎಂಬುದು 2009ರಲ್ಲಿ ಗೊತ್ತಾಯಿತು. ಬಿಲವೆಂದರೆ ಏಡಿಗೆ ಬರಿಯ ಮನೆಯಲ್ಲ. ಕಿವಿರುಗಳನ್ನು ನೆನೆಸಿಕೊಳ್ಳುವ ನೀರು ಅಲ್ಲಿದೆ, ಹಕ್ಕಿಗಳಿಂದ ಮರೆ ಅಲ್ಲಿದೆ, ಮದುವೆಯ ಮಂಟಪವೂ ಅದೇ.

ಭರತದ ನೀರು ಮರಳಿ ತೆವಳಿ ಬರುವ ಹೊತ್ತಿಗೆ ಏಡಿಗಳು ಒಂದೊಂದಾಗಿ ಒಳಗಿಳಿದು, ಬಿಲದ ಬಾಯಿಗೆ ಕೆಸರಿನ ಬಿರಡೆ ಜಡಿದುಕೊಳ್ಳುತ್ತವೆ. ಹುಸಿಗೈ ಬಯಲಾಗಿ ಬಿಲ ಕಳೆದುಕೊಂಡದ್ದು ಮಾತ್ರ ಇನ್ನೂ ಹೊರಗೆ, ತೆರೆದ ಬಾಯೊಂದನ್ನು ಹುಡುಕುತ್ತ ಓಡಾಡುತ್ತಿರುತ್ತದೆ.