ಗುಡ್ಡದ ನೀರು, ಮಕ್ಕಳ ಹಲ್ಲು

ನಮ್ಮ ಸೀಮೆಯಲ್ಲಿ ಪರ್ವತಗಳೆಲ್ಲಿವೆ ಎಂದು ಕೇಳುವವರುಂಟು. ಹಿಮಾಲಯ ನೋಡಿ ಬಂದವರಿಗೆ ಬಾಲಾಘಾಟದ ಸಾಲು ಬರೀ ದಿಬ್ಬದಂತೆ ಕಾಣಬಹುದು. ಆದರೆ ಮಾಂಜರಾ, ತೇರಣಾ ಎರಡೂ ಹುಟ್ಟುವುದು ಅಲ್ಲಿಯೇ. ಮಾಕಣಿಯ ಆಣೆಕಟ್ಟಿನಲ್ಲಿ ನಿಲ್ಲುವ ನೀರು ತೇರಣೆಯದು. ಅಲ್ಲಿಯ ಗಿಡ ಕಡಿದರೆ ಇಲ್ಲಿಯ ಕೊಡ ಬರಿದಾಗುತ್ತದೆ.

ಇದು ಹೇಗೆ? ನಮ್ಮ ನೆಲದಡಿ ಇರುವುದು ಕರಿಕಲ್ಲು. ಅದು ಮರಳಿನಂತೆ ನೀರು ಹೀರುವುದಿಲ್ಲ. ಮೇಲಿನ ಮೊರಮಿನಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಇಳಿಜಾರಿನಲ್ಲಿ ಹುಲ್ಲು, ಕುರುಚಲು ಗಿಡ ಇದ್ದರೆ ಮಳೆನೀರು ನಿಧಾನವಾಗಿ ಬಿರುಕು ಸೇರಿ, ಬೇಸಿಗೆಯಲ್ಲಿ ತಗ್ಗಿನ ಬಾವಿಗೆ ಒರತೆಯಾಗಿ ಬರುತ್ತದೆ. ಗುಡ್ಡ ಬೋಳಾದರೆ ಅದೇ ಮಳೆ ಒಂದೆರಡು ತಾಸಿನಲ್ಲಿ ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕಿಳಿಯುತ್ತದೆ. ಮಧ್ಯ ಭಾರತದಲ್ಲಿ 1950ರಿಂದೀಚೆಗೆ ಅತಿ ಭಾರಿ ಮಳೆಯ ದಿನಗಳು ಹೆಚ್ಚಿವೆ. ಹೀಗಿರುವಾಗ ಬೋಳುಗುಡ್ಡದಿಂದ ನಷ್ಟ ಇನ್ನೂ ದೊಡ್ಡದು.

2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಯಾರೂ ಮರೆತಿಲ್ಲ. ಮೊದಲ ಗಾಡಿ ತಂದದ್ದು 5 ಲಕ್ಷ ಲೀಟರ್. ಅದಕ್ಕೆ ಮುಂಚೆ ಎರಡು ವರ್ಷ ಮಳೆ ಕೈಕೊಟ್ಟಿತ್ತು, ನಿಜ. 700-800 ಮಿ.ಮೀ. ಮಳೆಯ ನಾಡಿನಲ್ಲಿ ಸುಮಾರು 2000 ಮಿ.ಮೀ. ನೀರು ಬೇಡುವ ಕಬ್ಬು ನಿಂತಿತ್ತೆಂಬುದೂ ನಿಜ. ಕಬ್ಬು ಹಚ್ಚಿದವರನ್ನು ಬೈದು ಫಲವಿಲ್ಲ. ತೊಗರಿಯ ದರವನ್ನು ನಂಬಿ ಮಗಳ ಮದುವೆ ಗೊತ್ತು ಮಾಡಲಾಗುತ್ತದೆಯೇ?

ಬಾವಿ ಬತ್ತಿದಾಗ ಬೋರು ಕೊರೆಸುತ್ತೇವೆ. ಆರೋಗ್ಯದ ಮಾತು ಇಲ್ಲಿಂದ ಆರಂಭ. ಆಳದ ನೀರು ಬಹುಕಾಲ ಕಲ್ಲಿನ ಸಂಗದಲ್ಲಿ ಇರುವುದರಿಂದ ಕೆಲವೆಡೆ ಅದರಲ್ಲಿ ಫ್ಲೋರೈಡ್ ಹೆಚ್ಚಾಗಿರುತ್ತದೆ. ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆದೀತು. ಇದನ್ನು ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲೆಯೇ ಬಿಳಿ, ಕಂದು ಪಟ್ಟೆ ಬೀಳುತ್ತದೆ. ಎಷ್ಟು ಉಜ್ಜಿದರೂ ಹೋಗದು. ಅತಿ ಹೆಚ್ಚಿದ್ದು, ಬಹಳ ವರ್ಷ ಕುಡಿದರೆ ಬೆನ್ನು, ಕೀಲುಗಳು ಸೆಟೆದು ಬಗ್ಗಲಾರದಂತಾಗುತ್ತವೆ.

ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂದು ನಂಬಬೇಡಿರಿ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. (ಭೇದಿಯ ಕ್ರಿಮಿಗಳು ಸಾಯಲು ಕುದಿಸುವುದು ಬೇಕೇ ಬೇಕು, ಅದನ್ನು ಬಿಡಬಾರದು.) ಹೊಸ ಬೋರಿನ ನೀರನ್ನು ಸರಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ, ಪಂಚಾಯತಿಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಫ್ಲೋರೈಡ್ ಹೆಚ್ಚು ಬಂದರೆ ಆ ನೀರು ಬಟ್ಟೆ, ಪಾತ್ರೆಗಿರಲಿ. ಮಕ್ಕಳಿಗೆ ಶುದ್ಧಿ ಮಾಡಿದ ತೆರೆದ ಬಾವಿಯ ನೀರನ್ನೋ, ತೊಳೆದ ಮಾಳಿಗೆಯಿಂದ ಹಿಡಿದ ಮಳೆನೀರನ್ನೋ ಕಾಯಿಸಿ ಕೊಡಿರಿ. ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿ ಊಟದಲ್ಲಿರಲಿ.

ಇನ್ನು ಗುಡ್ಡದ ಕೆಲಸ. ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದಲ್ಲಿ ಚರಿ ತೋಡಿ, ಎರಡು ಮಳೆಗಾಲ ದನ, ಮೇಕೆ ಬಿಡದಿದ್ದರೆ ಹುಲ್ಲು ತಾನೇ ಏಳುತ್ತದೆ. ಮೇಕೆಯವರಿಗೆ ಇದು ಕಷ್ಟ. ಅವರಿಗೆ ಹುಲ್ಲು ಕೊಯ್ದೊಯ್ಯುವ ಹಕ್ಕು ಕೊಡದೆ ಬೇಲಿ ಹಾಕುವುದು ನ್ಯಾಯವಲ್ಲ. ಚರಿಯ ದಂಡೆಗೆ ಸೀತಾಫಲದ ಬೀಜ ಊರಿರಿ. ಮೇಕೆ ಅದರ ಎಲೆಗೆ ಬಾಯಿ ಹಾಕುವುದಿಲ್ಲ, ಕಲ್ಲುನೆಲದಲ್ಲೂ ಬದುಕುತ್ತದೆ, ಹಣ್ಣಿಗೆ ಪೇಟೆಯೂ ಉಂಟು. ಆದರೆ ಹೇನಿಗೆಂದು ಅದರ ಬೀಜ ಅರೆದು ತಲೆಗೆ ಹಚ್ಚುವ ರೂಢಿ ಬೇಡ. ಕಣ್ಣಿಗೆ ಇಳಿದರೆ ಕಣ್ಣಿನ ಪಾರದರ್ಶಕ ಪದರಕ್ಕೆ ಗಾಯವಾಗುತ್ತದೆ. ಹಾಗಾದಲ್ಲಿ ತಕ್ಷಣ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು.