ಮೀಸೆ ಮಣ್ಣಾಗದ ಒಡೆಯ

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮಲ್ಲಿ ಹಳೆಯದು. ಸೋತು ನೆಲಕ್ಕೊರಗಿದವನು ಮಾನ ಉಳಿಸಿಕೊಳ್ಳಲು ಹೂಡುವ ನೆಪಗಳನ್ನು ಕಂಡು ನಕ್ಕವರು ಕಟ್ಟಿದ ಮಾತು ಅದು. ಆದರೆ ಜಟ್ಟಿಗಳಿಗೆ ಜೋಡಿ ಕಟ್ಟಿ, ಟಿಕೀಟು ಮಾರಿ, ಗೆಲ್ಲುವವನಾರು ಬೀಳುವವನಾರು ಎಂಬುದನ್ನು ಮೊದಲೇ ಗೊತ್ತುಮಾಡುವ ಒಡೆಯನ ಮೀಸೆಯ ವಿಚಾರದಲ್ಲಿ ಗಾದೆ ಮೌನವಾಗಿದೆ. ಅಮೆರಿಕದ ಕುಸ್ತಿ ಉದ್ಯಮಿ ವಿನ್ಸ್ ಮೆಕ್‌ಮಹನ್‌ನನ್ನು ಕುರಿತು ಕ್ರಿಸ್ ಸ್ಮಿತ್ ನಿರ್ದೇಶಿಸಿರುವ ‘ಮಿಸ್ಟರ್ ಮೆಕ್‌ಮಹನ್’ ಎಂಬ ಆರು ಕಂತುಗಳ ಸಾಕ್ಷ್ಯಚಿತ್ರವನ್ನು ನೋಡುತ್ತಿದ್ದಾಗ ನನಗೆ ಈ ಕೊರತೆ ಎದ್ದುಕಂಡಿತು. ಅದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್ 25ರಂದು.

ಸಾಗರದಾಚೆಯ ಈ ಮಹಾಶಯನಿಗೂ ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಉಂಟು. 1990ರ ದಶಕದಲ್ಲಿ ಕೇಬಲ್ ತಂತಿಗಳು ಮನೆಯಿಂದ ಮನೆಗೆ ಹಬ್ಬಿದಾಗ ಶಿವಾಜಿನಗರ, ಹಲಸೂರುಗಳ ಇಕ್ಕಟ್ಟಾದ ಓಣಿಗಳೊಳಕ್ಕೆ ಆತನ ಕುಸ್ತಿಯೂ ನುಗ್ಗಿತು. ನಾನು ವಾಸವಾಗಿದ್ದ ಹಲಸೂರಿನ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗರು ಜಗಲಿಯ ಮೇಲೆ ಕುಳಿತು, ಕುಸ್ತಿಪಟುಗಳ ಚಿತ್ರವಿದ್ದ ಇಸ್ಪೀಟಿನಂಥ ಎಲೆಗಳನ್ನು ಹರಡಿಕೊಂಡು, ಯಾರ ಎತ್ತರವೆಷ್ಟು, ತೂಕವೆಷ್ಟು, ಎದೆಯ ಸುತ್ತಳತೆಯೆಷ್ಟು ಎಂದು ಪಂಥ ಕಟ್ಟುತ್ತಿದ್ದರು. ಒಬ್ಬನ ಮನೆಮಾತು ತಮಿಳು, ಇನ್ನೊಬ್ಬನದು ಉರ್ದು, ಮತ್ತೊಬ್ಬನದು ಕನ್ನಡ. ಹಲ್ಕ್ ಹೋಗನ್, ಅಂಡರ್‌ಟೇಕರ್ ಎಂಬ ಹೆಸರುಗಳು ಮಾತ್ರ ಎಲ್ಲರಿಗೂ ಸಮಾನ. ಇದೆಲ್ಲ ನಿಜವಾದ ಕಾದಾಟವೇ ಎಂದು ನಾನೊಮ್ಮೆ ಕೇಳಿದೆ. ನಿಜವಲ್ಲವೆಂದು ತನಗೂ ಗೊತ್ತು, ಆದರೆ ಮೇಲಿನಿಂದ ಬಿದ್ದರೆ ನೋವಾಗದೆ ಇರುತ್ತದೆಯೆ ಎಂದು ಹತ್ತು ವರ್ಷದ ಪೋರನೊಬ್ಬ ಮರುಪ್ರಶ್ನೆ ಹಾಕಿದ. ಆರು ಕಂತುಗಳ ತಿರುಳೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ.

ಕುಸ್ತಿಯನ್ನು ವಿನೋದವೆಂದು ಕಾಣುವುದು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮಲ್ಲವಿನೋದಕ್ಕೂ ಸ್ಥಾನವುಂಟು. ಮಲ್ಲರ ದರ್ಜೆ, ಆಹಾರ, ಸಾಧನೆಗಳ ವಿವರ ಅಲ್ಲಿದೆ. ಮೈಸೂರು ದಸರೆಯ ಕುಸ್ತಿಗೆ ಇಂದಿಗೂ ಮುಂಚಿತವಾಗಿಯೇ ಜೋಡಿ ಕಟ್ಟುತ್ತಾರೆ. ಆದರೆ ಕಟ್ಟುವುದು ಜೋಡಿಯನ್ನು, ಫಲಿತಾಂಶವನ್ನಲ್ಲ.

ಮೆಕ್‌ಮಹನ್ ಕಟ್ಟಿದ್ದು ಎರಡನ್ನೂ. 1982ರಲ್ಲಿ ಆತ ತಂದೆಯ ಸಂಸ್ಥೆಯನ್ನು ಕೊಂಡಾಗ ಅಮೆರಿಕದ ಕುಸ್ತಿ ಪಾಳೆಯಪಟ್ಟುಗಳಂತೆ ಸೀಮೆ ಸೀಮೆಗಳಾಗಿ ಹಂಚಿಹೋಗಿತ್ತು. ಆತ ಗಡಿಗಳನ್ನು ಲೆಕ್ಕಿಸದೆ ಪರರ ಜಟ್ಟಿಗಳನ್ನು ಸೆಳೆದ. 1985ರ ಮಾರ್ಚ್ 31ರಂದು ನ್ಯೂಯಾರ್ಕಿನಲ್ಲಿ ‘ರೆಸಲ್‌ಮೇನಿಯಾ’ ಎಂಬ ಜಾತ್ರೆ ನಡೆಸಿದ. 2001ರಲ್ಲಿ ಕೊನೆಯ ದೊಡ್ಡ ಎದುರಾಳಿಯನ್ನೂ ಕೊಂಡು ಏಕಚ್ಛತ್ರಾಧಿಪತಿಯಾದ. ಆಟದ ಹುಸಿಯನ್ನು ಹೊರಗೆ ಬಿಟ್ಟುಕೊಡದ ಕಟ್ಟುಪಾಡಿಗೆ ಆ ವೃತ್ತಿಯವರು ‘ಕೇಫೇಬ್’ ಎನ್ನುತ್ತಾರೆ. ಆ ಗುಟ್ಟನ್ನು 1989ರಲ್ಲಿ ಆತನ ಸಂಸ್ಥೆಯೇ ನ್ಯೂಜರ್ಸಿಯ ಶಾಸಕರ ಮುಂದೆ ಬಿಚ್ಚಿಟ್ಟಿತು: ಇದು ಕ್ರೀಡೆಯಲ್ಲ, ಮನರಂಜನೆ, ಆದ್ದರಿಂದ ಕ್ರೀಡಾ ಮಂಡಳಿಯ ಹತೋಟಿ ಬೇಡ. ಸತ್ಯವು ಹೊರಬಿದ್ದದ್ದು ಹಾಗೆ, ನಿಯಂತ್ರಣದಿಂದ ಪಾರಾಗುವ ದಾರಿಯಾಗಿ.

1997ರ ನವೆಂಬರ್ 9ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಬ್ರೆಟ್ ಹಾರ್ಟ್ ಎಂಬ ಮೆಚ್ಚಿನ ಜಟ್ಟಿಗೆ ಒಂದು ಮುಕ್ತಾಯವನ್ನು ಹೇಳಿ, ಕಣದಲ್ಲಿ ಇನ್ನೊಂದನ್ನು ನಡೆಸಿ, ಆತನ ಪಟ್ಟವನ್ನು ಕಸಿದರು. ಜನ ಸಿಡಿದೆದ್ದರು. ಆ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಮೆಕ್‌ಮಹನ್ ‘ಮಿಸ್ಟರ್ ಮೆಕ್‌ಮಹನ್’ ಎಂಬ ದುಷ್ಟ ಯಜಮಾನನ ವೇಷ ತೊಟ್ಟು ತಾನೇ ಕಣಕ್ಕಿಳಿದ. 1999ರ ಮೇ 23ರಂದು ಬ್ರೆಟ್‌ನ ತಮ್ಮ ಓವೆನ್ ಹಾರ್ಟ್, ಕಾನ್ಸಾಸ್ ನಗರದಲ್ಲಿ, ಚಾವಣಿಯಿಂದ ಹಗ್ಗದ ಮೇಲೆ ಇಳಿಯುವ ವಿನೋದಕ್ಕಾಗಿ ಹೋಗಿ ಕಣಕ್ಕೆ ಬಿದ್ದು ಸತ್ತ. ಸಭಾಂಗಣದ ಪ್ರೇಕ್ಷಕರಿಗೆ ಸಾವನ್ನು ತಿಳಿಸದೆ ಆಟವನ್ನು ಮುಂದುವರಿಸಲಾಯಿತು. ಹಲಸೂರಿನ ಹುಡುಗನ ಪ್ರಶ್ನೆಗೆ ಇದಕ್ಕಿಂತ ಘೋರವಾದ ಉತ್ತರ ಬೇಕೆ?

ಇಂಥ ಅಪಾಯಕ್ಕೆ ಮೈಯೊಡ್ಡುವವರು ಆ ಸಂಸ್ಥೆಯ ನೌಕರರಲ್ಲ. ಕಾಗದದ ಮೇಲೆ ಅವರು ಸ್ವತಂತ್ರ ಗುತ್ತಿಗೆದಾರರು. 1986ರಲ್ಲಿ ಜೆಸ್ಸಿ ವೆಂಚುರಾ ಸಂಘ ಕಟ್ಟಲು ಮುಂದಾದಾಗ, ಸುದ್ದಿಯನ್ನು ಒಡೆಯನಿಗೆ ಮುಟ್ಟಿಸಿದವನು ಹಲ್ಕ್ ಹೋಗನ್. ನಮ್ಮ ಹುಡುಗರ ಎಲೆಗಳಲ್ಲಿ ಮೆರೆಯುತ್ತಿದ್ದ ಅದೇ ವೀರ! ಇಂದು ಇಂದಿರಾನಗರದ ನೂರಡಿ ರಸ್ತೆಯಲ್ಲಿ ಊಟದ ಪೊಟ್ಟಣ ಹೊತ್ತು ಮೋಟಾರ್ ಸೈಕಲ್ಲಿನಲ್ಲಿ ಧಾವಿಸುವ ತರುಣರನ್ನು ಕಂಡಾಗ ನನಗೆ ಆ ಜಟ್ಟಿಗಳ ನೆನಪಾಗುತ್ತದೆ. ಅವರೂ ಹೆಸರಿಗೆ ಪಾಲುದಾರರು; ಬಿದ್ದರೆ ಒಂಟಿ. ಅವರಿಗಾಗಿ ಕರ್ನಾಟಕವು 2025ರಲ್ಲಿ ಒಂದು ಕಾಯಿದೆಯನ್ನಾದರೂ ಮಾಡಿತು.

ಒಡೆಯನ ಪತನ ಕಣದ ಹೊರಗೆ ನಡೆಯಿತು. ಸ್ತ್ರೀಯರ ಬಾಯಿ ಕಟ್ಟಲು ಹಣ ತೆತ್ತ ಒಪ್ಪಂದಗಳನ್ನು 2022ರಲ್ಲಿ ಪತ್ರಿಕೆಯೊಂದು ಬಯಲಿಗೆಳೆಯಿತು. ಆತ ನಿವೃತ್ತನಾದ, ಮರುವರ್ಷವೇ ಮರಳಿ ಬಂದ. 2024ರ ಜನವರಿಯಲ್ಲಿ ಮಾಜಿ ಉದ್ಯೋಗಿಯೊಬ್ಬಾಕೆ ಲೈಂಗಿಕ ದೌರ್ಜನ್ಯದ ಆಪಾದನೆ ಹೊರಿಸಿ ಮೊಕದ್ದಮೆ ಹೂಡಿದಾಗ ರಾಜೀನಾಮೆ ಕೊಟ್ಟ. ಆಪಾದನೆಯನ್ನು ಆತ ನಿರಾಕರಿಸಿದ್ದಾನೆ. ಆದರೆ ಒಪ್ಪಂದಗಳನ್ನು ಸಂಸ್ಥೆಯಿಂದ ಮರೆಮಾಚಿದ ಸಂಬಂಧದಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆ ಆಯೋಗಕ್ಕೆ 4 ಲಕ್ಷ ಡಾಲರ್ ದಂಡ ತೆರಲು ಒಪ್ಪಿದ.

ಸಾಕ್ಷ್ಯಚಿತ್ರದ ಸಂದರ್ಶನಗಳು ಬಹುಮಟ್ಟಿಗೆ ಈ ಮೊಕದ್ದಮೆಗೆ ಮೊದಲೇ ಮುಗಿದಿದ್ದವು. ಆದ್ದರಿಂದ ಕೇಳಲೇಬೇಕಾಗಿದ್ದ ಕೊನೆಯ ಪ್ರಶ್ನೆಗಳು ಆತನ ಮುಂದೆ ಬರುವುದಿಲ್ಲ. ಚಿತ್ರದ ದೊಡ್ಡ ಕೊರತೆ ಇದು. ಚಿತ್ರ ತನ್ನ ವೇಷವನ್ನೂ ತನ್ನನ್ನೂ ಬೆರೆಸಿಬಿಟ್ಟಿದೆಯೆಂದು ಆತನ ದೂರು. ವೇಷಕ್ಕೂ ಮನುಷ್ಯನಿಗೂ ನಡುವಿನ ಗೆರೆಯನ್ನು ಅಳಿಸಿಯೇ ಕೋಟಿಗಟ್ಟಲೆ ಗಳಿಸಿದವನು ಈಗ ಆ ಗೆರೆಯ ಮರೆಯಲ್ಲಿ ಆಶ್ರಯ ಬೇಡುವುದು ವಿಚಿತ್ರವಲ್ಲವೆ?

ಹುಸಿ ಕುಸ್ತಿಯನ್ನು ನೋಡಿ ನಲಿದ ಹುಡುಗರನ್ನು ನಾನು ದೂರಲಾರೆ. ಕಟ್ಟುಕತೆಗೆ ಮನಸೋಲುವುದು ಮನುಷ್ಯಧರ್ಮ. ಆದರೆ ನಲಿವಿಗೆ ಬೆಲೆ ತೆತ್ತವರು ಯಾರೆಂದು ವಿಚಾರಿಸುವ ಹೊಣೆ, ಟಿಕೀಟು ಕೊಂಡ ನಮ್ಮ ಮೇಲೂ ಇದೆ. ಜಟ್ಟಿ ಬಿದ್ದಾಗ ಅವನ ಮೀಸೆಯತ್ತ ನೋಡಿ ನಗುವ ಮೊದಲು, ಅವನನ್ನು ಅಷ್ಟು ಎತ್ತರಕ್ಕೆ ಹತ್ತಿಸಿದವನು ಎಲ್ಲಿ ನಿಂತಿದ್ದಾನೆಂದು ಒಮ್ಮೆ ಕತ್ತು ಹೊರಳಿಸಿ ನೋಡುವುದು ಒಳ್ಳೆಯದು.